ಅರವತ್ತು ದಾಟಬಾರದು

ಫೆಬ್ರುವರಿ 3, ಸೋಮವಾರ

ಈ ನೋಟ್‌ಬುಕ್ಕು ಬಾಗಿಲು ಕಿಟಕಿಗಳ ಅಳತೆ ಬರೆಯಲು ಇಟ್ಟುಕೊಂಡದ್ದು. ಮುಂದಿನ ಅರ್ಧ ಅಳತೆಗಳಿಂದಲೇ ತುಂಬಿದೆ. ಹಿಂದಿನ ಪುಟದಿಂದ ಶುರುಮಾಡಿ ಇದನ್ನು ಬರೆಯುತ್ತಿದ್ದೇನೆ, ಬಾಯಿಬಿಟ್ಟು ಹೇಳಿದರೆ ಕೇಳಿದವರು ನಗುತ್ತಾರೆ. ಐವತ್ತೊಂದು ವರ್ಷದ ಬಡಗಿಗೆ ಹೊಟ್ಟೆಕಿಚ್ಚು. ಅದೂ ಹೆಂಡತಿಯ ಮಂಡಿಯ ವಿಷಯಕ್ಕೆ.

ನನ್ನ ಹೆಂಡತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರು, ಬ್ಯಾಸ್ಕೆಟ್‌ಬಾಲ್ ಕಲಿಸುತ್ತಾಳೆ. ಹಾರಿ ನೆಲಕ್ಕಿಳಿಯುವಾಗ ಹುಡುಗಿಯರ ಮಂಡಿ ಒಳಕ್ಕೆ ವಾಲುವುದು ಜಾಸ್ತಿಯಂತೆ, ಹಾಗೆ ವಾಲಿದರೆ ಒಳಗಿನ ಲಿಗಮೆಂಟು, ಅಂದರೆ ಮೂಳೆಗೆ ಮೂಳೆಯನ್ನು ಬಿಗಿದಿಡುವ ಕಟ್ಟು, ಹರಿಯುತ್ತದಂತೆ. ಹದಿನೆಂಟು ವರ್ಷದಿಂದ ಇದನ್ನೇ ಹೇಳಿಕೊಡುತ್ತಿದ್ದಾಳೆ. ಹೋದ ತಿಂಗಳು "ನೋಡ್ರೇ, ಹೀಗೆ ಮಾತ್ರ ಇಳೀಬಾರ್ದು" ಎಂದು ತಪ್ಪು ಇಳಿಯುವುದನ್ನು ಹಾರಿ ತೋರಿಸಿದಳು. ಬಹಳ ಚೆನ್ನಾಗಿಯೇ ತೋರಿಸಿದಳು. ಕಟ್ಟು ಹರಿಯಿತು, ಮೂಳೆಗಳ ನಡುವಿನ ಮೆತ್ತೆಯೂ ಸೀಳಿತು. ತೊಡೆಯ ಹಿಂಬದಿಯಿಂದ ಒಂದು ಎಳೆ ತೆಗೆದು ಹೊಸ ಕಟ್ಟು ಮಾಡಿದ್ದಾರೆ, ಮೆತ್ತೆಗೆ ಹೊಲಿಗೆ ಹಾಕಿದ್ದಾರೆ. ವ್ಯಾಯಾಮ ಸರಿಯಾಗಿ ನಡೆದರೆ ವರ್ಷದೊಳಗೆ ಮತ್ತೆ ಹಾರಬಹುದು ಎಂದಿದ್ದಾರೆ ಸರ್ಜನ್. ಅವಳಿಗೆ ಈಗ ಅದೊಂದೇ ಧ್ಯಾನ.

ಆ ವ್ಯಾಯಾಮ ಮಾಡಿಸಲು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಇವತ್ತಿನಿಂದ ವಾರಕ್ಕೆ ಮೂರು ದಿನ ಮನೆಗೆ ಬರುತ್ತಾನೆ. ವಯಸ್ಸು ಮೂವತ್ತೈದಿರಬಹುದು. ತಲೆಯ ಮೇಲೆ ಕೂದಲು ಪೂರ್ತಿ ಇದೆ. ಒಳಗೆ ಬಂದವನೇ ಅವಳಿಗೆ "ಮೇಡಂ, ಹೇಗಿದ್ದೀರಾ?" ಅಂದ. ನನ್ನ ಕಡೆ ತಿರುಗಿ "ಅಂಕಲ್, ಒಂದು ದಿಂಬು ಕೊಡ್ತೀರಾ?" ಅಂದ. ನನಗೂ ಅವಳಿಗೂ ಇರುವುದು ಏಳೇ ವರ್ಷ ಅಂತರ. ದಿಂಬು ತಂದುಕೊಟ್ಟೆ. ಅವನಿಗೆ ಮಂಡಿಮಹಾಶಯ ಎಂದು ಹೆಸರಿಟ್ಟೆ.

ಫೆಬ್ರುವರಿ 5, ಬುಧವಾರ

ಮಂಡಿಮಹಾಶಯ ಒಂದು ಪ್ಲಾಸ್ಟಿಕ್ ಮಂಡಿ ತಂದಿದ್ದ. ತೊಡೆಯ ಮೂಳೆಯ ತುದಿಯಲ್ಲಿ ಎರಡು ಗುಂಡು, ಅವು ಕೆಳಗಿನ ಮೂಳೆಯ ಮಟ್ಟಸ ತಲೆಯ ಮೇಲೆ ಕೂತಿವೆ. ನಡುವೆ ಅರ್ಧಚಂದ್ರದಂಥ ಎರಡು ಮೆತ್ತೆ. ಒಳಗೆ ಕತ್ತರಿಯಂತೆ ಒಂದನ್ನೊಂದು ದಾಟುವ ಎರಡು ಕಟ್ಟು, ಪಕ್ಕಗಳಲ್ಲಿ ಇನ್ನೆರಡು. ಅವಳು ಮುಂದಕ್ಕೆ ಬಾಗಿ ನೋಡುತ್ತಿದ್ದಳು. ನನ್ನ ಕೆಲಸವನ್ನು ಅವಳು ಯಾವತ್ತೂ ಹಾಗೆ ಬಾಗಿ ನೋಡಿದ್ದಿಲ್ಲ.

ಸುಮ್ಮನಿರಲಾರದೆ ನಾನೂ ಬಾಯಿ ಹಾಕಿದೆ. "ಬಾಗಿಲಿನ ಕೀಲಿನ ಥರ ತಾನೆ?"

"ಎಲ್ರೂ ಹಾಗೇ ಅಂದ್ಕೊಳ್ತಾರೆ ಅಂಕಲ್. ಇದು ಬರೀ ತಿರುಗಲ್ಲ. ಉರುಳುತ್ತೆ, ಜಾರುತ್ತೆ, ನೆಟ್ಟಗಾಗೋ ಕೊನೇ ಗಳಿಗೇಲಿ ಒಂಚೂರು ತಿರುಚಿಕೊಂಡು ಬೀಗ ಹಾಕ್ಕೊಳ್ಳುತ್ತೆ."

"ಬಿಡಿ, ಇವ್ರಿಗೆ ಪ್ರಪಂಚವೆಲ್ಲಾ ಬಾಗಿಲೇ" ಅಂದಳು ಇವಳು. ಇಬ್ಬರೂ ನಕ್ಕರು.

ಅಡುಗೆಮನೆಗೆ ಹೋಗಿ ನೀರು ಕುಡಿಯುವ ನೆಪದಲ್ಲಿ ನಿಂತುಕೊಂಡೆ. ಮುಕ್ಕಾಲು ಗಂಟೆಯಲ್ಲಿ ಅವಳು ಏಳು ಸಲ ನಕ್ಕಳು. ನನ್ನ ಜೊತೆ ಕೊನೆಯ ಸಲ ಏಳು ಸಲ ನಕ್ಕದ್ದು ಯಾವ ವರ್ಷವೋ ನೆನಪಿಗೆ ಬರಲಿಲ್ಲ.

ಫೆಬ್ರುವರಿ 7, ಶುಕ್ರವಾರ

ಅತ್ತೆಯೂ ಆ ಕಡೆ ಸೇರಿಕೊಂಡರು. ಮಗಳನ್ನು ನೋಡಿಕೊಳ್ಳಲು ಬಂದು ನಮ್ಮಲ್ಲೇ ಇದ್ದಾರೆ. ಅವರ ಎರಡೂ ಮಂಡಿ ಸವೆದು ಕಾಲು ಬಿಲ್ಲಿನಂತೆ ಬಾಗಿದೆ. ಇವತ್ತು ಮಂಡಿಮಹಾಶಯ ಅವರನ್ನೂ ಕೂರಿಸಿಕೊಂಡು ಮೂಳೆಯ ತುದಿಗೆ ನುಣ್ಣನೆಯ ಪದರ ಇರುತ್ತದೆ, ಅದು ಸವೆದಾಗ ಮೂಳೆಗೆ ಮೂಳೆ ತಾಗುತ್ತದೆ ಎಂದು ಬಿಡಿಸಿ ಹೇಳಿದ.

"ಹಾಗಾದ್ರೆ ಸುಮ್ನೆ ಕೂತಿರೋದೇ ವಾಸಿ ಅನ್ನಪ್ಪ."

"ಕೂತ್ರೆ ಇನ್ನೂ ಬಿಗಿಯುತ್ತೆ ಅಜ್ಜಿ. ಓಡಾಡ್ಬೇಕು, ತೊಡೆಗೆ ಬಲ ಬರ್ಬೇಕು. ತೊಡೆ ಗಟ್ಟಿ ಇದ್ರೆ ಮಂಡಿಗೆ ಅರ್ಧ ಭಾರ ಕಮ್ಮಿ."

ಇದೇ ಮಾತನ್ನು ಡಾಕ್ಟರು ಹತ್ತು ವರ್ಷದಿಂದ ಹೇಳುತ್ತಿದ್ದಾರೆ, ಅತ್ತೆ ಕಿವಿಗೇ ಹಾಕಿಕೊಂಡಿರಲಿಲ್ಲ. ಅವನು ಹೇಳಿದ ಮೇಲೆ ಹಜಾರದಲ್ಲಿ ಆರು ಸುತ್ತು ಹಾಕಿದರು.

ಹೊರಡುವಾಗ ನಾನು ಸ್ಟೂಲಿನಿಂದ ಎದ್ದೆ, ಬಲಮಂಡಿ ಲಟಕ್ ಎಂದಿತು. "ಅಂಕಲ್, ನೆಲದ ಮೇಲೆ ಮಂಡಿಯೂರಿ ಕೆಲಸ ಜಾಸ್ತಿ ಅನ್ಸುತ್ತೆ, ಒಂದಿನ ನಿಮ್ದೂ ನೋಡೋಣ" ಅಂದ. ನನ್ನದನ್ನು ನೋಡಲು ನಿನ್ನನ್ನು ಯಾರು ಕರೆದರಪ್ಪಾ. ನಕ್ಕು ಬೀಳ್ಕೊಟ್ಟೆ. ಮೈಯೆಲ್ಲ ಉರಿಯುತ್ತಿತ್ತು.

ಫೆಬ್ರುವರಿ 10, ಸೋಮವಾರ

ಸಿಕ್ಕಿಬಿದ್ದ!

ಅವಳ ಮಂಚದ ಪಕ್ಕ ಅವನು ಒಂದು ಚೀಟಿ ಅಂಟಿಸಿದ್ದಾನೆ. ಮಂಡಿ ಎಷ್ಟು ಬಗ್ಗಿತು ಎಂದು ಪ್ರತಿಸಲ ಅದರಲ್ಲಿ ಬರೆಯುತ್ತಾನೆ. ಮೇಲ್ಗಡೆ ಕೆಂಪು ಶಾಯಿಯಲ್ಲಿ "ನಾಲ್ಕು ವಾರ 60 ದಾಟಬಾರದು" ಎಂದಿದೆ. ಇವತ್ತು ಎರಡು ತೋಳಿನ ಪ್ಲಾಸ್ಟಿಕ್ ಪಟ್ಟಿ ಹಿಡಿದು ಅಳೆದು "ಐವತ್ತೈದು! ಸೂಪರ್ ಮೇಡಂ" ಅಂದ. ಅವಳ ಮುಖ ಅರಳಿತು.

ಅವನು ಹೋದ ಮೇಲೆ ಅವಳು ಅದೇ ಭಂಗಿಯಲ್ಲಿ ಕಾಲು ಬಗ್ಗಿಸಿ ಅಮ್ಮನಿಗೆ ತೋರಿಸುತ್ತಿದ್ದಳು. ನಾನು ಮೆಟ್ಟಿಲ ಕೈಹಿಡಿಗೆ ಕೋನ ಅಳೆಯುವ ನನ್ನ ಉಕ್ಕಿನ ಪಟ್ಟಿ ತಂದು ಹಿಡಿದೆ. ನೂರ ಇಪ್ಪತ್ತೈದು. ಮತ್ತೆ ಹಿಡಿದೆ. ನೂರ ಇಪ್ಪತ್ತೈದೇ.

ನಾನು ಮೂವತ್ತು ವರ್ಷದಿಂದ ಕೋನ ಅಳೆಯುತ್ತಿದ್ದೇನೆ. ಅರ್ಧ ಡಿಗ್ರಿ ತಪ್ಪಿದರೆ ಚೌಕಟ್ಟಿನ ಮೂಲೆ ಬಾಯಿ ಬಿಡುತ್ತದೆ. ಈ ಮನುಷ್ಯ ಎಪ್ಪತ್ತು ಡಿಗ್ರಿ ತಪ್ಪು ಬರೆದು ಸೂಪರ್ ಅನ್ನುತ್ತಾನೆ. ಅರವತ್ತಕ್ಕೆ ಬರಲು ಇನ್ನೂ ಅರ್ಧ ದಾರಿ ಇದೆ, ಇವನು ಮುಗಿದೇಹೋಯಿತು ಎಂಬಂತೆ ಹೊಗಳುತ್ತಾನೆ. ಒಂದೋ ಇವನಿಗೆ ಕೆಲಸ ಬರುವುದಿಲ್ಲ, ಇಲ್ಲವೇ ನಮ್ಮ ಮನೆಗೆ ಇನ್ನಷ್ಟು ದಿನ ಬರುವ ಉಪಾಯ. ಎರಡನೆಯದೇ ಇರಬೇಕು.

ಫೆಬ್ರುವರಿ 11, ಮಂಗಳವಾರ

ಕೆಲಸ ಬೇಗ ಮುಗಿಸಿ ಸಂಜೆ ನಾಲ್ಕಕ್ಕೇ ಮನೆಗೆ ಬಂದೆ. ಅವಳಿಗೆ ಪಟ್ಟಿಯ ವಿಷಯ ಹೇಳಲಿಲ್ಲ, ಹೇಳಿದರೆ ಅವನ ಪರ ವಹಿಸುತ್ತಾಳೆ. "ಅವ್ನು ಬರದ ದಿನ ನಾನು ಮಾಡಿಸ್ತೀನಿ ಕಣೇ" ಅಂದೆ.

"ನೀವಾ?" ಎಂದು ನನ್ನನ್ನೇ ನೋಡಿದಳು.

"ಯಾಕೆ, ನನ್ನ ಕೈಗೇನಾಗಿದೆ?"

"ಏನೂ ಆಗಿಲ್ಲ. ಬನ್ನಿ, ಕೂತ್ಕೊಳ್ಳಿ."

ಹಿಮ್ಮಡಿ ಹಿಡಿದು ಮೆಲ್ಲಗೆ ತಳ್ಳಿದೆ. ನೂರ ಹದಿನೆಂಟಕ್ಕೆ ಬಂತು. ಅವಳ ಕಾಲು ಇಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ.

ಫೆಬ್ರುವರಿ 13, ಗುರುವಾರ

ನೂರ ಹತ್ತು. ನಿನ್ನೆ ಅವನು "ಅರವತ್ತು, ಇಲ್ಲಿಗೆ ಸಾಕು" ಎಂದು ನಿಲ್ಲಿಸಿ ಹೋದ. ಸಾಕಂತೆ.

ಮಂಡಿಯ ಕೆಳಗೆ ಬಿಳೀ ಗೀರಿನಂಥ ಹಳೆಯ ಕಲೆ ಕಂಡಿತು. ಕೇಳಿದೆ. ಒಂಬತ್ತನೇ ಕ್ಲಾಸಿನಲ್ಲಿ ಅಪ್ಪನ ಸೈಕಲ್ಲು ಕದ್ದು ಓಡಿಸಿ ಚರಂಡಿಗೆ ಬಿದ್ದಳಂತೆ, ಬೇಲಿಯ ತಂತಿ ತಾಗಿತೆಂದು ಮನೆಯಲ್ಲಿ ಸುಳ್ಳು ಹೇಳಿದಳಂತೆ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಈ ಕಥೆ ನಾನು ಕೇಳಿರಲಿಲ್ಲ. ಮಂಡಿಮಹಾಶಯ ಈ ಕಲೆಯನ್ನು ನೋಡಿ ಮೊದಲೇ ಕೇಳಿಬಿಟ್ಟಿದ್ದಾನೋ ಏನೋ ಎಂಬ ಸಂಶಯ ಊಟದ ಹೊತ್ತಿನವರೆಗೂ ತಲೆ ತಿಂದಿತು. ಕೊನೆಗೆ ಕೇಳಿಯೇಬಿಟ್ಟೆ. "ಇಲ್ಲಪ್ಪ, ಯಾರೂ ಕೇಳಿಲ್ಲ" ಅಂದಳು. ಎರಡು ತುತ್ತು ಹೆಚ್ಚು ಉಂಡೆ.

ಫೆಬ್ರುವರಿ 17, ಸೋಮವಾರ

ನಿನ್ನೆ ತೊಂಬತ್ತೆಂಟು ಮುಟ್ಟಿಸಿದೆ. ತುಟಿ ಕಚ್ಚಿಕೊಂಡಿದ್ದಳು. "ನೋವಾಗ್ತಿದ್ಯಾ?" ಎಂದರೆ "ಮುಂದುವರಿಸಿ, ನಿಮ್ಮ ಆ ಹಟಮಾರಿ ಗಿರಾಕಿ ಕಥೆ ಹೇಳಿ" ಎನ್ನುತ್ತಾಳೆ. ಒಂದೇ ಬಾಗಿಲಿಗೆ ಮೂರು ಸಲ ಬಣ್ಣ ಬದಲಾಯಿಸಿದವನ ಕಥೆ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಐದು ಸಲ.

ಇವತ್ತು ಮಂಡಿಮಹಾಶಯ ಬಂದು ಮುಟ್ಟಿದವನೇ ಹುಬ್ಬು ಗಂಟಿಕ್ಕಿದ. "ಯಾಕೆ ಮೇಡಂ ಊದಿದೆ? ಜಾಸ್ತಿ ಓಡಾಡಿದ್ರಾ? ಯಾರಾದ್ರೂ ಎಳೆದ್ರಾ?"

ಅವಳು ನನ್ನ ಕಡೆ ನೋಡಲೂ ಇಲ್ಲ. "ಇಲ್ವಲ್ಲ, ಏನೂ ಮಾಡಿಲ್ಲ" ಅಂದಳು.

ಅವನಿಗೆ ಗೊತ್ತಿಲ್ಲದ ಒಂದು ಗುಟ್ಟು ಅವಳಿಗೂ ನನಗೂ ನಡುವೆ ಇದೆ. ಈ ದಿನವೆಲ್ಲ ನಾನು ಶಿಳ್ಳೆ ಹಾಕಿಕೊಂಡೇ ಕೆಲಸ ಮಾಡಿದೆ.

ಫೆಬ್ರುವರಿ 20, ಗುರುವಾರ

ಎಪ್ಪತ್ತೆಂಟಕ್ಕೆ ತಂದಿದ್ದೆ. ಒಳಗೆ ಟಕ್ ಎಂದಿತು. ನನ್ನ ಅಂಗೈಗೇ ತಾಗಿತು ಆ ಸದ್ದು. ಅವಳು ಕೂಗಲಿಲ್ಲ. ನನ್ನ ತೋಳನ್ನು ಹಿಡಿದಳು, ಉಗುರು ಇಳಿದ ಕಡೆ ಇನ್ನೂ ಉರಿಯುತ್ತಿದೆ.

ಫೆಬ್ರುವರಿ 24, ಸೋಮವಾರ

ಆಸ್ಪತ್ರೆ. ಮತ್ತೆ ಆಪರೇಷನ್ ಆಯಿತು. ಹೊಸ ಕಟ್ಟು ಉಳಿದಿದೆ. ಮೆತ್ತೆಯ ಹೊಲಿಗೆ ಕಿತ್ತುಹೋಗಿ ಹೊಲಿಯಲಾಗದಷ್ಟು ಹರಿದಿತ್ತು, ಹರಿದ ಭಾಗವನ್ನು ಕತ್ತರಿಸಿ ತೆಗೆದರು.

ಸರ್ಜನ್ ನನ್ನನ್ನು ಕೂರಿಸಿಕೊಂಡು ಹೇಳಿದರು. ನಡೆಯಬಹುದು, ಪಾಠ ಮಾಡಬಹುದು. ಹಾರುವುದು, ಗಕ್ಕನೆ ತಿರುಗುವುದು ಇನ್ನು ಬೇಡ. ಮೆತ್ತೆ ಇಲ್ಲದ ಕಡೆ ಮೂಳೆಯ ಪದರ ಬೇಗ ಸವೆಯುತ್ತದೆ. ಅಮ್ಮನಿಗೆ ಎಪ್ಪತ್ತರಲ್ಲಿ ಬಂದ ಸಂಧಿವಾತ ಮಗಳಿಗೆ ಐವತ್ತೈದಕ್ಕೇ ಬರಬಹುದು.

ಅವಳು ಬಚ್ಚಲಲ್ಲಿ ಜಾರಿದೆ ಎಂದು ಹೇಳಿದ್ದಾಳೆ. ಅವರು ನಂಬಲಿಲ್ಲ. "ಇದು ಜಾರಿದ್ದಲ್ಲ. ದಿನಾ ದಿನಾ ಮಿತಿ ಮೀರಿ ಬಗ್ಗಿಸಿರೋದು. ಆ ಫಿಸಿಯೋನ ಮನೆ ಭೇಟಿ ಎಲ್ಲಾ ನಿಲ್ಸಿದೀನಿ." ಅವಳು ಹಾಸಿಗೆಯಿಂದಲೇ "ಅವರ ತಪ್ಪೇನಿಲ್ಲ ಡಾಕ್ಟ್ರೇ" ಎಂದು ನಾಲ್ಕು ಸಲ ಹೇಳಿದಳು. ನಾಲ್ಕು ಸಲ. ನನಗಾಗಿ ಯಾರ ಎದುರೂ ಅವಳು ಹೀಗೆ ಗೋಗರೆದಿಲ್ಲ.

ನನ್ನ ಪುಸ್ತಕದಲ್ಲಿ ನಾನು ಸುಳ್ಳು ಬರೆಯುವುದಿಲ್ಲ. ಅವನು ಇನ್ನು ನಮ್ಮ ಮನೆಗೆ ಬರುವುದಿಲ್ಲ ಎಂದು ತಿಳಿದಾಗ ನನಗೆ ಸಂತೋಷವಾಯಿತು. ತಪ್ಪು ಅಳೆಯುವವನಿಗೆ ತಕ್ಕ ಶಾಸ್ತಿ ಎಂದುಕೊಂಡೆ. ನಾನು ತಂದದ್ದು ಎಪ್ಪತ್ತೆಂಟಕ್ಕೆ, ಅರವತ್ತನ್ನು ದಾಟಿಯೇ ಇಲ್ಲ. ಹೊಲಿಗೆಯೇ ಸಡಿಲ ಇದ್ದಿರಬೇಕು.

ಫೆಬ್ರುವರಿ 26, ಬುಧವಾರ

ವಾರ್ಡಿಗೆ ಬೇರೆ ಫಿಸಿಯೋ ಬಂದಳು, ಗಟ್ಟಿ ದನಿಯ ಹೆಂಗಸು. ಅವಳೂ ಅದೇ ಎರಡು ತೋಳಿನ ಪಟ್ಟಿ ತಂದಿದ್ದಳು. ನನ್ನ ಹೆಂಡತಿಯ ಕಾಲು ಹಾಸಿಗೆಯ ಮೇಲೆ ನೆಟ್ಟಗೆ ಚಾಚಿತ್ತು. ಪಟ್ಟಿ ಹಿಡಿದು "ಸೊನ್ನೆ" ಎಂದು ಬರೆದುಕೊಂಡಳು.

"ನೂರ ಎಂಬತ್ತಲ್ವಾ ಅದು?" ಅಂದೆ.

"ಏನು?"

"ನೆಟ್ಟಗಿದೆಯಲ್ಲ, ನೂರ ಎಂಬತ್ತು."

"ಗಣಿತದ ಮೇಷ್ಟ್ರಾ ನೀವು? ನಮ್ಮಲ್ಲಿ ನೆಟ್ಟಗಿದ್ರೆ ಸೊನ್ನೆ. ಅಲ್ಲಿಂದ ಎಷ್ಟು ಬಗ್ಗುತ್ತೋ ಅಷ್ಟು ಎಣಿಸ್ತೀವಿ. ಅರವತ್ತು ಅಂದ್ರೆ ಇಷ್ಟು." ತನ್ನ ಕೈಯನ್ನೇ ಮಡಿಸಿ ತೋರಿಸಿದಳು. ಸ್ವಲ್ಪವೇ ಮಡಿಸಿದಳು.

ಕಾರಿಡಾರಿಗೆ ಬಂದು ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ನೂರ ಇಪ್ಪತ್ತೈದು ಅವನ ಐವತ್ತೈದೇ. ಅವನು ಸರಿಯಾಗಿಯೇ ಅಳೆದಿದ್ದ. ಅರವತ್ತರ ಮಿತಿಗೆ ಅವಳಾಗಲೇ ಬಂದುಬಿಟ್ಟಿದ್ದಳು. ನಾನು ಎಪ್ಪತ್ತೆಂಟಕ್ಕೆ ತಂದೆನಲ್ಲ, ಅದು ಅವರ ಲೆಕ್ಕದಲ್ಲಿ ನೂರ ಎರಡು. ಹೊಲಿಗೆ ಸಡಿಲ ಇರಲಿಲ್ಲ. ಒಂಬತ್ತು ದಿನದಲ್ಲಿ ನನ್ನ ಕೈಯಾರೆ ಎಳೆದೆಳೆದು ಕಿತ್ತೆ.

ಫೆಬ್ರುವರಿ 27, ಗುರುವಾರ

ಯಾರಿಗೂ ಹೇಳಿಲ್ಲ.

ಮಾರ್ಚ್ 4, ಮಂಗಳವಾರ

ಅವಳು ಮನೆಗೆ ಬಂದಿದ್ದಾಳೆ. ಶಾಲೆಯಿಂದ ಫೋನ್ ಬಂತು, ಅವಳ ಜಾಗಕ್ಕೆ ತಾತ್ಕಾಲಿಕವಾಗಿ ಬಂದವಳನ್ನು ಮುಂದುವರಿಸುತ್ತಾರಂತೆ. "ಪರವಾಗಿಲ್ಲ" ಎಂದು ಫೋನಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಬೆನ್ನು ಅಲುಗುತ್ತಿತ್ತು. ನಾನು ಬಾಗಿಲಲ್ಲೇ ನಿಂತಿದ್ದೆ.

ಅತ್ತೆ ಆಸ್ಪತ್ರೆಗೆ ಹೋಗಿದ್ದಾಗ ಅವನನ್ನು ನೋಡಿದರಂತೆ. ಈಗ ಸ್ಟೋರಿನಲ್ಲಿ ಊರುಗೋಲು, ಬೆಲ್ಟು ಎಣಿಸಿಡುವ ಕೆಲಸವಂತೆ. "ಪಾಪ ಅಳಿಯಂದ್ರೇ, ಆ ಹುಡ್ಗನ ಮುಖದಲ್ಲಿ ಕಳೇನೇ ಇಲ್ಲ. ಆದ್ರೂ ನನ್ನ ಮಂಡಿ ಹೇಗಿದೆ ಅಂತ ಕೇಳ್ದ, ಸುತ್ತು ಹಾಕೋದು ಬಿಡ್ಬೇಡಿ ಅಂದ."

ಒಳಗಿಂದ ಇವಳು "ಅವ್ರಿಗೆ ಹೀಗಾಗ್ಬಾರ್ದಿತ್ತು" ಅಂದಳು. ಇಷ್ಟೆಲ್ಲ ಆದ ಮೇಲೂ ನನಗೆ ಚುರ್ ಎಂದಿತು. ನಾಚಿಕೆಗೆಟ್ಟವನು ನಾನು. ತಪ್ಪು ನನ್ನದು ಎಂದು ಗೊತ್ತಿದ್ದೂ ಅವಳ ಮರುಕ ಅವನ ಪಾಲಾಯಿತಲ್ಲ ಎಂದು ಸಂಕಟಪಡುತ್ತೇನೆ.

ಮಾರ್ಚ್ 6, ಗುರುವಾರ

ಉಕ್ಕಿನ ಪಟ್ಟಿಯನ್ನೂ ಈ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಸರ್ಜನ್ ಎದುರು ಎಲ್ಲ ಹೇಳಿದೆ. ಅಳತೆಗಳಿರುವ ಪುಟಗಳನ್ನು ತೋರಿಸಿದೆ, ಉಳಿದ ಸಾಲುಗಳ ಮೇಲೆ ಅಂಗೈ ಇಟ್ಟುಕೊಂಡೆ. ಅವರು ಬಹಳ ಹೊತ್ತು ಬೈದರು. ಬೈಯುವ ಹಕ್ಕು ಅವರಿಗಿತ್ತು. ಆಮೇಲೆ ಸ್ಟೋರಿನಿಂದ ಅವನನ್ನು ಕರೆಸಿದರು.

ಅವನೂ ಬೈದಿದ್ದರೆ ಚೆನ್ನಾಗಿತ್ತು. ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಬಿಚ್ಚಿ, ಮಡಚಿ ನೋಡಿದ. "ಯಾರೋ ಬಗ್ಗಿಸಿದ್ದಾರೆ ಅಂತ ಅನುಮಾನ ಇತ್ತು ಅಂಕಲ್. ನಿಮ್ಮನ್ನೇ ಕೇಳೋಣ ಅಂದ್ಕೊಂಡೆ. ನೀವು ನನ್ನ ಜೊತೆ ಮಾತೇ ಆಡ್ತಿರ್ಲಿಲ್ವಲ್ಲ. ತಪ್ಪು ನಂದೂ ಇದೆ. ಅರವತ್ತು ಅಂತ ಬರೆದೆ, ಎಲ್ಲಿಂದ ಅರವತ್ತು ಅಂತ ಹೇಳ್ಕೊಡ್ಲಿಲ್ಲ."

"ನಿಮ್ದೇನೂ ತಪ್ಪಿಲ್ಲ" ಅಂದೆ. ಇದೇ ಮಾತನ್ನು ಅವಳು ನಾಲ್ಕು ಸಲ ಹೇಳಿದ್ದಳು, ನಾನೂ ಹೇಳಿದೆ.

ಮನೆಗೆ ಬಂದು ಅವಳಿಗೂ ಸೊನ್ನೆಯ ವಿಷಯ, ನೂರ ಎಂಬತ್ತರ ವಿಷಯ, ಅವನಿಗೆ ಕೆಲಸ ವಾಪಸ್ ಸಿಕ್ಕಿದ ವಿಷಯ ಎಲ್ಲ ಹೇಳಿದೆ. ಅವನ ಮೇಲಿನ ಹೊಟ್ಟೆಕಿಚ್ಚನ್ನೂ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. "ಹೂಂ" ಅಂದಳು. "ಕೈ ತೊಳ್ಕೊಳ್ಳಿ, ಊಟಕ್ಕೆ ಹೊತ್ತಾಯ್ತು."

ಮಾರ್ಚ್ 17, ಸೋಮವಾರ

ನಮ್ಮ ಹಳೆಯ ಫಿಸಿಯೋ ಮತ್ತೆ ಬರಲು ಶುರುಮಾಡಿದ್ದಾರೆ. ಬಾಗಿಲು ತೆಗೆದದ್ದು ನಾನೇ. ದಿಂಬನ್ನು ಮೊದಲೇ ತಂದಿಟ್ಟಿದ್ದೆ. ಇವತ್ತು ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಹಿಮ್ಮಡಿಯನ್ನು ಹೇಗೆ ಆನಿಸಿಕೊಳ್ಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೋರಿಸಿಕೊಟ್ಟರು. ಮಂಡಿಚಿಪ್ಪು ಪಕ್ಕಕ್ಕೆ ಎಷ್ಟು ಜಾರುತ್ತದೆ, ತೊಡೆಯ ಯಾವ ಸ್ನಾಯು ಮೊದಲು ಸೊರಗುತ್ತದೆ, ಎಲ್ಲ ಮುಟ್ಟಿ ತಿಳಿದುಕೊಂಡೆ. ಅವಳ ಬಲತೊಡೆ ಎಡತೊಡೆಗಿಂತ ಎರಡು ಬೆರಳಿನಷ್ಟು ಸಣ್ಣಗಾಗಿದೆ.

ಅವಳು ಅವರ ಜೊತೆ ಎಷ್ಟು ಸಲ ನಕ್ಕಳು ಎಂದು ಈಗ ಬರೆಯಹೊರಟೆ. ಎಣಿಸಿರಲಿಲ್ಲ.

ಏಪ್ರಿಲ್ 7, ಸೋಮವಾರ

ಶಾಲೆಯವರು ಅವಳನ್ನು ವಾಪಸ್ ಕರೆದಿದ್ದಾರೆ. ಮೈದಾನದ ಪಕ್ಕ ಕುರ್ಚಿ ಹಾಕಿಕೊಂಡು ಹೇಳಿಕೊಡಬೇಕು, ಹಾರಿ ತೋರಿಸಲು ಆ ಹೊಸಬಳಿದ್ದಾಳೆ. ಅವಳ ಹೆಸರೆತ್ತಿದರೆ ಇವಳ ಮೂಗು ಕೆಂಪಗಾಗುತ್ತದೆ. "ಚೆನ್ನಾಗೇ ಹಾರ್ತಾಳೆ ಬಿಡಿ, ಇಪ್ಪತ್ತೈದು ವರ್ಷ, ಹಾರ್ದೆ ಏನು ಮಾಡ್ತಾಳೆ" ಅನ್ನುತ್ತಾಳೆ. ಆ ಉರಿ ಎಂಥದ್ದೆಂದು ನನಗೆ ಗೊತ್ತು. ಅದನ್ನು ಅವಳಿಗೆ ಅಂಟಿಸಿದವನು ನಾನೇ ಎಂದೂ ಗೊತ್ತು.

ಫಿಸಿಯೋ ಇನ್ನು ಹದಿನೈದು ದಿನಕ್ಕೊಮ್ಮೆ ಬಂದರೆ ಸಾಕಂತೆ. "ಉಳಿದಿದ್ದು ಅಂಕಲ್ ಮಾಡಿಸ್ತಾರೆ" ಎಂದು ಹೇಳಿ ಹೊರಟರು. ಅತ್ತೆ ಹಜಾರದಲ್ಲಿ ಸುತ್ತು ಹಾಕುತ್ತಿದ್ದರು. ನಾನು ಸ್ಟೂಲು ಎಳೆದುಕೊಂಡು ಅವಳ ಹಿಮ್ಮಡಿ ಹಿಡಿದೆ.

ತಿಂಗಳಿಂದ ಒಳಗೇ ಕೊರೆಯುತ್ತಿದ್ದುದನ್ನು ಇವತ್ತು ಕೇಳಿದೆ. "ನೀನು ಇದನ್ನೇ ಕಲಿಸೋಳು. ಆ ಅಳತೆ ನಿಂಗೊತ್ತಿರ್ಲಿಲ್ವಾ? ನಾನು ಅರವತ್ತು ದಾಟಿಸಿದ್ದು ತಿಳೀಲಿಲ್ವಾ?"

ಕಿಟಕಿಯ ಕಡೆ ನೋಡಿದಳು.

"ಮೊದ್ಲನೇ ದಿನವೇ ತಿಳೀತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಇಷ್ಟೇ ತಾನೇ, ಇನ್ನೊಂಚೂರು ತಾನೇ ಅಂದ್ಕೊಂಡೆ. ಹೀಗಾಗುತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ." ನನ್ನ ಕಡೆ ತಿರುಗಿದಳು. "ಸಾಕು ಅಂದ್ರೆ ನೀವು ಎದ್ದು ಹೋಗ್ತಿದ್ರಿ."

ಚೀಟಿಯಲ್ಲಿ ಇವತ್ತಿಗೆ ಹತ್ತು ಸಲ ಎಂದು ಬರೆದಿತ್ತು. ಮೆಲ್ಲಗೆ ಬಗ್ಗಿಸಿದೆ, ಮೆಲ್ಲಗೆ ಚಾಚಿದೆ, ಹತ್ತೂ ಮಾಡಿಸಿದೆ. "ಆಯ್ತು, ಮುಗೀತು" ಅಂದಳು.

ನಾನು ಏಳಲಿಲ್ಲ.